ಮುಚ್ಚಬೇಕು ಅಂದುಕೊಂಡಿದ್ದ ಕಂಪನಿ ಮಾರಾಟವಾದ ಬಗೆ

ನಾನು ಇಂಗ್ಲೆಂಡಿನಲ್ಲಿ ಸಣ್ಣ ಕಂಪನಿಗಳ ಲೆಕ್ಕ ನೋಡಿಕೊಳ್ಳುತ್ತೇನೆ. ನನ್ನ ಬಳಿ ಬರುವವರಲ್ಲಿ ಕನ್ನಡದವರೂ ಬಹಳ ಜನ ಇದ್ದಾರೆ. ಹದಿನೈದು, ಇಪ್ಪತ್ತು ವರ್ಷ ಒಂದು ಪುಟ್ಟ ಲಿಮಿಟೆಡ್ ಕಂಪನಿ ನಡೆಸಿದವರು, ವಯಸ್ಸಾಯಿತು, ಸಾಕು ಅನ್ನಿಸಿದಾಗ ಕೇಳುವುದು ಒಂದೇ ಪ್ರಶ್ನೆ: "ಕಂಪನಿ ಮುಚ್ಚೋದು ಹೇಗೆ?" ಮಾರಬಹುದಾ ಅಂತ ಕೇಳುವವರು ತೀರ ಕಡಿಮೆ. ಹಾಗೆ ಮುಚ್ಚಲು ಹೊರಟ ಒಬ್ಬರು ಕೊನೆಗೆ ಮಾರಿದ ಕತೆ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಲೆಕ್ಕದ ತರ್ಕ ಮಾತ್ರ ಇದ್ದ ಹಾಗೇ ಇದೆ.

2024ರ ಜೂನ್‌ನಲ್ಲಿ ಅವರು ಬಂದರು. ಯಜಮಾನರಿಗೆ 61 ವರ್ಷ. ಹಲ್ಲಿನ ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್ ಕೊಟ್ಟು, ಅದನ್ನು ನೋಡಿಕೊಳ್ಳುವ ಕಂಪನಿ. 22 ಕ್ಲಿನಿಕ್‌ಗಳು. ವರ್ಷದ ವ್ಯವಹಾರ 1,18,000 ಪೌಂಡ್. ಷೇರುಗಳಲ್ಲಿ 60 ಭಾಗ ಅವರದು, 40 ಭಾಗ ಅವರ ಪತ್ನಿಯದು. ಪತ್ನಿ ಮೊದಲಿನಿಂದಲೂ ಕಂಪನಿ ಸೆಕ್ರೆಟರಿ. ಅದು ಮುಂದೆ ಎಷ್ಟು ಉಪಯೋಗಕ್ಕೆ ಬಂತು ಅನ್ನೋದನ್ನು ಆಮೇಲೆ ಹೇಳುತ್ತೇನೆ. ಜೊತೆಗೆ ಒಂಬತ್ತು ವರ್ಷದಿಂದ ಅರ್ಧ ದಿನ ಕೆಲಸ ಮಾಡುವ ಒಬ್ಬ ಮಹಿಳೆ ಇದ್ದರು. ಅಷ್ಟೇ ಕಂಪನಿ.

"ನೋಡಮ್ಮಾ, ಮುಂದಿನ ಮಾರ್ಚ್‌ಗೆ ಬಾಗಿಲು ಹಾಕಿಬಿಡೋಣ. ಬ್ಯಾಂಕಿನಲ್ಲಿ ಎಪ್ಪತ್ನಾಲ್ಕು ಸಾವಿರ ಇರುತ್ತೆ. ಅದನ್ನ ತಗೊಂಡು ನಾವಿಬ್ಬರೂ ಸುಮ್ನೆ ಇರ್ತೀವಿ" ಅಂದರು.

"ಮಾರೋ ಯೋಚನೆ ಮಾಡಿದ್ರಾ ಸರ್?"

"ಮಾರೋಕೆ ಏನಿದೆ ಇದ್ರಲ್ಲಿ? ನಾನೇ ಕಂಪನಿ."

ಆ ಕೊನೆಯ ಮಾತು ಆವತ್ತಿಗೆ ಬಹುಪಾಲು ನಿಜವೇ ಆಗಿತ್ತು. ಮುಂದಿನ ಒಂಬತ್ತು ತಿಂಗಳ ಕೆಲಸವೆಲ್ಲ ಅದನ್ನು ಸುಳ್ಳು ಮಾಡುವುದೇ ಆಯಿತು.

ಬ್ಯಾಂಕಿನಲ್ಲಿದ್ದ ದುಡ್ಡು ಯಾರದು?

ಮೊದಲು ಮುಚ್ಚುವ ಲೆಕ್ಕವನ್ನೇ ಹಾಕಿದೆವು. ಮಾರ್ಚ್ ಕೊನೆಗೆ 74,000 ಪೌಂಡ್ ಇರುತ್ತದೆ, ಸರಿ. ಆದರೆ ವರ್ಷದ ಲಾಭ 68,000. ಅದರ ಮೇಲೆ ಕಾರ್ಪೊರೇಷನ್ ಟ್ಯಾಕ್ಸ್ ಕಟ್ಟಬೇಕು. ಲಾಭ 50,000 ದಾಟಿದರೆ 19 ಪರ್ಸೆಂಟ್ ದರ ಸಿಗುವುದಿಲ್ಲ. 25 ಪರ್ಸೆಂಟ್ ಹಾಕಿ, ಅದರಲ್ಲಿ ಮಾರ್ಜಿನಲ್ ರಿಲೀಫ್ ಅನ್ನುವ ರಿಯಾಯಿತಿ ಕಳೆಯಬೇಕು. ಹಾಗೆ ಹಾಕಿದರೆ 14,270 ಪೌಂಡ್. ವ್ಯಾಟ್ ಬಾಕಿ 5,200.

ಇಲ್ಲಿಯವರೆಗೆ ಅವರಿಗೂ ಗೊತ್ತಿತ್ತು. ಗೊತ್ತಿರದಿದ್ದುದು ಮುಂದಿನದು. ಕ್ಲಿನಿಕ್‌ಗಳು ವರ್ಷದ ಹಣವನ್ನು ಆಗಸ್ಟ್‌ನಲ್ಲೇ ಮುಂಗಡವಾಗಿ ಕಟ್ಟುತ್ತವೆ. ಮಾರ್ಚ್ ಕೊನೆಗೆ ನಿಲ್ಲಿಸಿದರೆ ಇನ್ನೂ ನಾಲ್ಕು ತಿಂಗಳ ಸೇವೆ ಕೊಡುವುದು ಬಾಕಿ ಇರುತ್ತದೆ. ಅದರ ಬೆಲೆ ಸುಮಾರು 38,000 ಪೌಂಡ್. ಆ ದುಡ್ಡು ಬ್ಯಾಂಕಿನಲ್ಲಿದೆ, ಆದರೆ ಇನ್ನೂ ಸಂಪಾದಿಸಿದ್ದಲ್ಲ. ಅರ್ಧಕ್ಕೆ ನಿಲ್ಲಿಸಿದರೆ ವಾಪಸ್ ಕೊಡಬೇಕು.

ಆ ಮಹಿಳೆಗೆ ಕಾನೂನಿನ ಪ್ರಕಾರ ರಿಡಂಡೆನ್ಸಿ ಹಣವೂ, ಅಂದರೆ ಕೆಲಸ ಹೋದದ್ದಕ್ಕೆ ಪರಿಹಾರವೂ, ಸಲ್ಲಬೇಕು. ಎರಡು ವರ್ಷ ಪೂರೈಸಿದವರಿಗೆ ಆ ಹಕ್ಕಿದೆ. ಅವರಿಗೆ 38 ವರ್ಷ. 22ರಿಂದ 40 ವಯಸ್ಸಿನ ನಡುವೆ ಮಾಡಿದ ಪ್ರತಿ ವರ್ಷದ ಕೆಲಸಕ್ಕೆ ಒಂದು ವಾರದ ಸಂಬಳ. ವಾರಕ್ಕೆ 300 ಪೌಂಡ್‌ನಂತೆ ಒಂಬತ್ತು ವಾರಕ್ಕೆ 2,700. ಒಂಬತ್ತು ವಾರದ ನೋಟಿಸ್ ಬೇರೆ.

ಎಲ್ಲ ಕಳೆದ ಮೇಲೆ ಉಳಿದದ್ದು 13,830 ಪೌಂಡ್. ಎಪ್ಪತ್ನಾಲ್ಕು ಸಾವಿರ ಅಂದುಕೊಂಡಿದ್ದವರ ಮುಖ ನೋಡಲು ನನಗೆ ಕಷ್ಟವಾಯಿತು. ಪತ್ನಿ ಮಾತ್ರ ತಣ್ಣಗೆ "ಇದನ್ನ ಈಗಲೇ ನೋಡಿದ್ದು ಒಳ್ಳೇದಾಯ್ತು" ಅಂದರು.

ಇನ್ನೊಂದು ದಾರಿಯೂ ಇತ್ತು. ಹೊಸದಾಗಿ ನವೀಕರಣ ತೆಗೆದುಕೊಳ್ಳದೆ, ಜುಲೈ ಕೊನೆಯವರೆಗೆ ಸೇವೆ ಕೊಟ್ಟು ಆಮೇಲೆ ಮುಚ್ಚುವುದು. ಹಣ ವಾಪಸ್ ಕೊಡುವುದು ತಪ್ಪುತ್ತದೆ. ಖರ್ಚು, ತೆರಿಗೆ ಕಳೆದು ಸುಮಾರು 31,000 ಉಳಿಯುತ್ತದೆ. ಆದರೆ ಅಲ್ಲೊಂದು ತೊಡಕು. ಸ್ಟ್ರೈಕ್ ಆಫ್ ಮಾಡಿಸಿ, ಅಂದರೆ ಸರ್ಕಾರಿ ದಾಖಲೆಯಿಂದ ಕಂಪನಿಯ ಹೆಸರು ತೆಗೆಸಿ, ಮುಚ್ಚುವಾಗ ಷೇರುದಾರರಿಗೆ ಹಂಚುವ ಒಟ್ಟು ಹಣ 25,000 ಪೌಂಡ್ ಒಳಗಿದ್ದರೆ ಮಾತ್ರ ಅದನ್ನು ಬಂಡವಾಳದ ಲಾಭ ಎಂದು ಲೆಕ್ಕ ಹಾಕುತ್ತಾರೆ. 2012ರ ಮಾರ್ಚ್ 1ರಿಂದ ಈ ನಿಯಮ ಇದೆ. ಒಂದು ಪೌಂಡ್ ಮೀರಿದರೂ ಇಡೀ ಮೊತ್ತ ಡಿವಿಡೆಂಡ್ (ಷೇರುದಾರರಿಗೆ ಹಂಚುವ ಲಾಭ, ಅದರ ತೆರಿಗೆಯೇ ಬೇರೆ) ಲೆಕ್ಕಕ್ಕೆ ಹೋಗುತ್ತದೆ, ಮೀರಿದ ಭಾಗ ಮಾತ್ರ ಅಲ್ಲ. ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಮುಂಚೆಯೇ ಒಂದಿಷ್ಟನ್ನು ಡಿವಿಡೆಂಡ್ ಆಗಿ ತೆಗೆದು ಉಳಿದದ್ದನ್ನು 25,000ದ ಒಳಗೆ ತರಬಹುದು. ಇಲ್ಲವಾದರೆ ಲೈಸೆನ್ಸ್ ಇರುವ ಇನ್ಸಾಲ್ವೆನ್ಸಿ ಪ್ರಾಕ್ಟೀಷನರ್ (ಕಂಪನಿಯ ಲೆಕ್ಕ ತೀರಿಸಿ ಮುಚ್ಚಿಕೊಡುವ ವೃತ್ತಿಪರರು) ಮೂಲಕ ಲಿಕ್ವಿಡೇಷನ್ ಮಾಡಿಸಬೇಕು. ಅವರ ಫೀಸು ಕೆಲವು ಸಾವಿರ ಪೌಂಡ್. 31,000ಕ್ಕಾಗಿ ಅಷ್ಟು ಖರ್ಚು ಮಾಡುವುದರಲ್ಲಿ ಅರ್ಥವಿರಲಿಲ್ಲ.

ಸ್ಟ್ರೈಕ್ ಆಫ್ ಮಾಡುವುದು ಕೇಳಲು ಸುಲಭ. ಡಿಎಸ್01 ಅರ್ಜಿ ಹಾಕಬೇಕು. ಹಿಂದಿನ ಮೂರು ತಿಂಗಳು ಕಂಪನಿ ವ್ಯಾಪಾರ ಮಾಡಿರಬಾರದು. ಅರ್ಜಿ ಹಾಕಿದ ಏಳು ದಿನದೊಳಗೆ ಕಂಪನಿ ಹಣ ಕೊಡಬೇಕಾದವರು, ನೌಕರರು, ಷೇರುದಾರರಿಗೆಲ್ಲ ಪ್ರತಿ ಕಳಿಸಬೇಕು. ಗೆಜೆಟ್‌ನಲ್ಲಿ ಪ್ರಕಟವಾಗಿ ಎರಡು ತಿಂಗಳಾದ ಮೇಲೆ, ಯಾರದೂ ತಕರಾರಿಲ್ಲದಿದ್ದರೆ, ಕಂಪನಿ ಇಲ್ಲವಾಗುತ್ತದೆ. ಆ ಹೊತ್ತಿಗೆ ಕಂಪನಿಯ ಹೆಸರಲ್ಲಿ ಏನೇ ಉಳಿದಿದ್ದರೂ ಅದು 'ಕ್ರೌನ್' ಪಾಲು, ಅಂದರೆ ಸಾಮಾನ್ಯವಾಗಿ ಸರ್ಕಾರದ ಪಾಲು. ಬ್ಯಾಂಕಿನ ಹಣ ಮಾತ್ರ ಅಲ್ಲ. ಸಾಫ್ಟ್‌ವೇರ್‌ನ ಕಾಪಿರೈಟ್, ವೆಬ್‌ಸೈಟಿನ ವಿಳಾಸ, ಎಲ್ಲವೂ.

ಇದನ್ನು ಹೇಳಿದಾಗ ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. "ಹದಿನೇಳು ವರ್ಷ ಬರೆದ ಕೋಡ್ ಅಮ್ಮಾ ಅದು" ಅಂದರು. ದುಡ್ಡಿನ ಲೆಕ್ಕಕ್ಕಿಂತ ಅವರನ್ನು ತಟ್ಟಿದ್ದು ಇದೇ ಅಂತ ನನಗೆ ಅನ್ನಿಸುತ್ತದೆ. ಆವತ್ತೇ ಅವರು ಮಾರುವ ಪ್ರಯತ್ನ ಮಾಡಲು ಒಪ್ಪಿದರು.

ಲಾಭ ಎಂದರೆ ಯಾವ ಲಾಭ?

ಕಂಪನಿಗೆ ಬೆಲೆ ಕಟ್ಟುವಾಗ ಮಾಲೀಕರು ಲೆಕ್ಕಪತ್ರದ ಕೊನೆಯ ಸಾಲು ನೋಡುತ್ತಾರೆ. 68,000 ಲಾಭ, ಮೂರು ಪಟ್ಟು ಅಂದರೆ ಎರಡು ಲಕ್ಷ ಪೌಂಡ್! ಆದರೆ ಕೊಳ್ಳುವವರು ನೋಡುವುದು ಬೇರೆ. ಈ ಲಾಭ ಇಷ್ಟು ದೊಡ್ಡದಾಗಿ ಕಾಣಲು ಕಾರಣ ಯಜಮಾನರು ತೆಗೆದುಕೊಳ್ಳುತ್ತಿದ್ದ ಸಂಬಳ. ಇಲ್ಲಿನ ಸಣ್ಣ ಕಂಪನಿಗಳ ಡೈರೆಕ್ಟರುಗಳು ತೆರಿಗೆ ಉಳಿಸಲು ಸಂಬಳವನ್ನು 12,570 ಪೌಂಡ್‌ಗೆ ಇಟ್ಟು ಉಳಿದದ್ದನ್ನು ಡಿವಿಡೆಂಡ್ ಆಗಿ ತೆಗೆಯುತ್ತಾರೆ. ಇವರೂ ಹಾಗೇ ಮಾಡಿದ್ದರು. ಅವರು ಮಾಡುವ ಕೆಲಸವನ್ನು ಆ ಸಂಬಳಕ್ಕೆ ಯಾರೂ ಮಾಡುವುದಿಲ್ಲ, ಅಲ್ವಾ?

ಅವರ ಜಾಗಕ್ಕೆ ಒಬ್ಬ ಅನುಭವಿಯನ್ನು ತಂದರೆ ಎಲ್ಲ ಸೇರಿ ವರ್ಷಕ್ಕೆ 46,000 ಬೇಕು. 68,000ಕ್ಕೆ ಅವರ ಸಂಬಳ 12,570 ಕೂಡಿಸಿ, 46,000 ಕಳೆದರೆ 34,570. ಇನ್ನೊಂದು ಕಳೆಯಬೇಕು. ಪತ್ನಿ ವಾರಕ್ಕೆ ಆರೇಳು ಗಂಟೆ ಬಿಲ್ ಮಾಡುವುದು, ಹಣ ಬಾರದವರಿಗೆ ಫೋನ್ ಮಾಡುವುದು ಮಾಡುತ್ತಿದ್ದರು, ಒಂದು ಪೈಸೆ ಸಂಬಳ ಇಲ್ಲದೆ. ಅದಕ್ಕೆ 5,000. ಹಾಗಾಗಿ ನಿಜವಾದ ಲಾಭ 29,570 ಪೌಂಡ್.

ಮನೆಯವರ ಬಿಟ್ಟಿ ದುಡಿಮೆ ಎಷ್ಟೋ ಸಣ್ಣ ಕಂಪನಿಗಳನ್ನು ನಿಲ್ಲಿಸಿದೆ. ಲೆಕ್ಕಪತ್ರದಲ್ಲಿ ಅದಕ್ಕೆ ಜಾಗವೇ ಇಲ್ಲ. ಮಾರಾಟದ ಹೊತ್ತಿಗೆ ಮೊದಲ ಬಾರಿಗೆ ಯಾರೋ ಅದಕ್ಕೊಂದು ಬೆಲೆ ಬರೆಯುತ್ತಾರೆ. ಅದೂ ಕಳೆಯುವುದಕ್ಕಾಗಿ. ಆ ಸಾಲನ್ನು ಬರೆದವಳು ನಾನೇ. ಬರೆಯುವಾಗ ನನಗೆ ಬೇಸರವಾಯಿತು, ಅವರಿಗೆ ಹಾಗೇ ಹೇಳಿದೆ ಕೂಡ.

"ನಾನೇ ಕಂಪನಿ" ಅನ್ನೋದನ್ನು ಬಿಡಿಸಿದ್ದು

ಕೊಳ್ಳುವವರನ್ನು ಹುಡುಕುವ ಮೊದಲು ನಾನು ಅವರಿಗೆ ಒಂದು ಕೆಲಸ ಕೊಟ್ಟೆ. ಎರಡು ವಾರ ಬರುವ ಪ್ರತಿ ಫೋನ್ ಕರೆಯನ್ನು ಬರೆದಿಡಿ. ಯಾರು ಮಾಡಿದರು, ಯಾಕೆ ಮಾಡಿದರು, ಯಾರು ಸರಿ ಮಾಡಿದರು. 61 ಕರೆ ಬಂದಿದ್ದವು. 52ಕ್ಕೆ ಯಜಮಾನರೇ ಉತ್ತರ ಕೊಟ್ಟಿದ್ದರು. ಆದರೆ ಆ 52ರಲ್ಲಿ ನಿಜಕ್ಕೂ ಅವರೇ ಬೇಕಾಗಿದ್ದದ್ದು 11ಕ್ಕೆ. ಉಳಿದವು ಪಾಸ್‌ವರ್ಡ್ ಮರೆತದ್ದು, ಪ್ರಿಂಟರ್ ಕೆಟ್ಟದ್ದು, ತಿಂಗಳ ಕೊನೆಯ ವರದಿ ತೆಗೆಯುವುದು ಹೇಗೆ ಅನ್ನುವಂಥವು. ಕ್ಲಿನಿಕ್‌ನವರ ಬಳಿ ಅವರ ಸ್ವಂತ ಮೊಬೈಲ್ ನಂಬರ್ ಇತ್ತು, ಅದಕ್ಕೇ ಮಾಡುತ್ತಿದ್ದರು.

ಜುಲೈನಲ್ಲಿ ಕಂಪನಿಗೊಂದು ಬೇರೆ ನಂಬರ್ ತೆಗೆಸಿದೆವು. ಅದನ್ನು ಆ ಮಹಿಳೆ ಎತ್ತತೊಡಗಿದರು. ಒಂಬತ್ತು ವರ್ಷದಿಂದ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡವರು. ಅವರಿಗೆ ಗೊತ್ತಿಲ್ಲದ್ದು ಬಹಳ ಕಡಿಮೆ ಅನ್ನೋದು ಯಜಮಾನರಿಗೇ ಆಶ್ಚರ್ಯ ತಂದಿತು. ಉಳಿದ ಹನ್ನೊಂದು ಬಗೆಯ ತೊಂದರೆಗಳಿಗೆ ಏನು ಮಾಡಬೇಕು ಅನ್ನೋದನ್ನು ಯಜಮಾನರು ಒಂದೊಂದಾಗಿ ಬರೆದರು. ಅದು 70 ಪುಟದ ಕೈಪಿಡಿಯಾಯಿತು. ಬರೆಯುವಾಗ ಬಹಳ ಗೊಣಗಿದರು. ಆದರೆ ಡಿಸೆಂಬರ್‌ನಲ್ಲಿ ಮೂರು ವಾರ ಊರಿಗೆ ಹೋಗಿ ಬಂದಾಗ ಒಂದೇ ಒಂದು ಕರೆ ಅವರ ತನಕ ಹೋಗಿತ್ತು. ಹದಿನೇಳು ವರ್ಷದಲ್ಲಿ ಹಾಗೆ ಆಗಿದ್ದು ಅದೇ ಮೊದಲು.

ನನ್ನ ಅಭಿಪ್ರಾಯದಲ್ಲಿ ಈ ಪ್ರಕರಣದ ತಿರುಳು ಇಲ್ಲೇ ಇದೆ. ತೆರಿಗೆ, ಕಾಗದಪತ್ರಗಳೆಲ್ಲ ಇದಾದ ಮೇಲಿನ ಮಾತು. ಮಾಲೀಕರು ಮೂರು ವಾರ ಇಲ್ಲದಿದ್ದಾಗ ಏನು ನಡೆಯುತ್ತದೋ ಅದನ್ನೇ ಕೊಳ್ಳುವವರು ಕೊಳ್ಳುವುದು.

ಕೊಳ್ಳಲು ಬಂದವರು

ಮೊದಲು ಬಂದದ್ದು ಒಂದು ಕಾಗದ. "ನಿಮ್ಮ ಕಂಪನಿ ಮುಚ್ಚುವ ತಲೆನೋವು ಬೇಡ, ಒಂದು ಪೌಂಡ್‌ಗೆ ನಾವೇ ಕೊಳ್ಳುತ್ತೇವೆ, ನಮ್ಮ ಫೀಸು ಕೊಟ್ಟರೆ ಸಾಕು" ಅನ್ನುವ ಧಾಟಿ. ಇಂಥವರ ಬಗ್ಗೆ ಎಚ್ಚರ ಹೇಳಲೇಬೇಕು. ಇವರು ಸಾಮಾನ್ಯವಾಗಿ ಹುಡುಕುವುದು ಸಾಲದಲ್ಲಿ ಮುಳುಗಿದ ಕಂಪನಿಗಳನ್ನು, ಕೊರೊನಾ ಕಾಲದ ಬೌನ್ಸ್ ಬ್ಯಾಕ್ ಸಾಲ ಉಳಿಸಿಕೊಂಡವರನ್ನು. ಕಂಪನಿ ಕೈಬದಲಾದ ಮಾತ್ರಕ್ಕೆ ಹಳೆಯ ಡೈರೆಕ್ಟರ್ ತಾನು ಮಾಡಿದ್ದಕ್ಕೆ ಉತ್ತರ ಕೊಡುವುದು ತಪ್ಪುವುದಿಲ್ಲ. ಇಲ್ಲಿ ಡೈರೆಕ್ಟರನ್ನು 2ರಿಂದ 15 ವರ್ಷದವರೆಗೆ ಅನರ್ಹಗೊಳಿಸಬಹುದು. 2021ರ ಕಾನೂನಿನ ನಂತರ ಕಂಪನಿ ವಿಸರ್ಜನೆಯಾಗಿ ಹೋಗಿದ್ದರೂ ಇನ್ಸಾಲ್ವೆನ್ಸಿ ಸರ್ವಿಸ್ ಅನ್ನುವ ಸರ್ಕಾರಿ ಸಂಸ್ಥೆ ಅದರ ಡೈರೆಕ್ಟರುಗಳ ತನಿಖೆ ಮಾಡಬಹುದು. ತೀರಿಸಲಾಗದ ಸಾಲ ಇದ್ದರೆ ಮಾರುವುದು ದಾರಿಯಲ್ಲ. ಇನ್ಸಾಲ್ವೆನ್ಸಿ ಪ್ರಾಕ್ಟೀಷನರ್ ಬಳಿ ಹೋಗಿ, ಅದೂ ಬೇಗ. ಇವರಿಗೆ ಸಾಲವಿರಲಿಲ್ಲ, ಕಾಗದ ಕಸಕ್ಕೆ ಹೋಯಿತು.

ನಿಜವಾದ ಖರೀದಿದಾರರು ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಕಣ್ಣಿನ ಕ್ಲಿನಿಕ್‌ಗಳಿಗೆ ಇಂಥದ್ದೇ ಸಾಫ್ಟ್‌ವೇರ್ ಕೊಡುವ ಇನ್ನೊಂದು ಸಣ್ಣ ಕಂಪನಿ. ಯಜಮಾನರಿಗೆ ಅವರು ಹತ್ತು ವರ್ಷದಿಂದ ಪರಿಚಯ. ದಲ್ಲಾಳಿ ಬೇಕಾಗಲಿಲ್ಲ. ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ ಮೇಲೆಯೇ ಲೆಕ್ಕ ತೋರಿಸಿದೆವು. ಕ್ಲಿನಿಕ್‌ಗಳ ಹೆಸರಿನ ಬದಲು ಮೊದಲಿಗೆ ಅಂಕೆಗಳನ್ನಷ್ಟೇ ಕೊಟ್ಟೆವು.

ಅವರು ಮೊದಲು ಕೇಳಿದ್ದು ಕಂಪನಿಯನ್ನಲ್ಲ. ಸಾಫ್ಟ್‌ವೇರ್ ಮತ್ತು ಗ್ರಾಹಕರನ್ನು ಮಾತ್ರ ಕೊಡಿ, ಕಂಪನಿ ನೀವೇ ಇಟ್ಟುಕೊಳ್ಳಿ ಅಂದರು. ಕೊಳ್ಳುವವರಿಗೆ ಇದು ಅನುಕೂಲ. ಕಂಪನಿಯ ಹಳೆಯ ಹೊಣೆ ಯಾವುದೂ ಬರುವುದಿಲ್ಲ. ಮಾರುವವರಿಗೆ ಮಾತ್ರ ಎರಡು ಏಟು. ಬಂದ ಬೆಲೆ ಕಂಪನಿಯ ಕೈಗೆ ಬರುತ್ತದೆ, ಅದರ ಮೇಲೆ ಕಾರ್ಪೊರೇಷನ್ ಟ್ಯಾಕ್ಸ್. ಆಮೇಲೆ ಅದನ್ನು ಕಂಪನಿಯಿಂದ ಹೊರತೆಗೆಯಲು ಇನ್ನೊಂದು ತೆರಿಗೆ. ಅದರ ಮೇಲೆ 22 ಕ್ಲಿನಿಕ್‌ಗಳ ಒಪ್ಪಂದಗಳನ್ನು ಒಂದೊಂದಾಗಿ ವರ್ಗಾಯಿಸಬೇಕು. ಕೊನೆಗೆ ಖಾಲಿ ಕಂಪನಿಯನ್ನು ಮುಚ್ಚುವ ಕೆಲಸ ಹಾಗೇ ಉಳಿಯುತ್ತದೆ. ಷೇರು ಮಾರಿದರೆ ಕಂಪನಿ ಅದೇ, ಒಪ್ಪಂದಗಳು ಅವೇ, ನೌಕರರ ಮಾಲೀಕ ಕಂಪನಿಯೂ ಅದೇ. ಒಡೆಯರು ಮಾತ್ರ ಬದಲು. ನಾವು ಷೇರು ಮಾರಾಟಕ್ಕೇ ಪಟ್ಟು ಹಿಡಿದೆವು. ಅವರು ಒಪ್ಪಿದರು. ಬದಲಿಗೆ ಹಳೆಯ ಹೊಣೆಗಳ ಬಗ್ಗೆ ವಾರಂಟಿ, ಅಂದರೆ ಸುಳ್ಳಾದರೆ ಹಣ ಕೊಡಬೇಕಾದ ಲಿಖಿತ ಭರವಸೆ, ಕೇಳಿದರು. ಅದು ನ್ಯಾಯವೇ.

ಬೆಲೆ 65,000ದಿಂದ ಶುರುವಾಗಿ 82,000ಕ್ಕೆ ನಿಂತಿತು. ನಿಜವಾದ ಲಾಭದ ಸುಮಾರು ಎರಡೂಮುಕ್ಕಾಲು ಪಟ್ಟು. ಮೇಲಕ್ಕೆ ಹೋಗಲು ಕಾರಣ ಆ 70 ಪುಟ, ಮತ್ತು ಆ ಮಹಿಳೆ ಕೆಲಸದಲ್ಲಿ ಮುಂದುವರಿಯುತ್ತಾರೆ ಅನ್ನುವ ಭರವಸೆ. ಅವರಿಗೆ ವಿಷಯ ತಿಳಿಸಿದ್ದು ನವೆಂಬರ್‌ನಲ್ಲಿ. ಇನ್ನೂ ಮುಂಚೆ ತಿಳಿಸಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಫೋನ್ ಕೆಲಸ ಅವರ ಕೈಗೆ ಬಂದಾಗಲೇ ಏನೋ ನಡೆಯುತ್ತಿದೆ ಅಂತ ಅವರು ಊಹಿಸಿದ್ದರು, ಮನಸ್ಸಿನಲ್ಲೇ ಭಯಪಟ್ಟಿದ್ದರು.

82,000 ವ್ಯವಹಾರದ ಬೆಲೆ. ಬ್ಯಾಂಕಿನ ಹಣ ಬೇರೆ ಲೆಕ್ಕ. ಇಲ್ಲಿ ಜಾಸ್ತಿ ಜಗ್ಗಾಟ ನಡೆದದ್ದು ಮುಂಗಡದ 38,000ದ ಮೇಲೆ. ಕೊಳ್ಳುವವರು ಇಡೀ 38,000 ಸಾಲದ ಹಾಗೆ, ಕಳೆಯಿರಿ ಅಂದರು. ನಾವು ಹೇಳಿದ್ದು: ನೀವು ಆ ಹಣ ವಾಪಸ್ ಕೊಡುವುದಿಲ್ಲವಲ್ಲ, ನಾಲ್ಕು ತಿಂಗಳು ಸೇವೆ ಕೊಡುತ್ತೀರಿ, ಅದಕ್ಕೆ ತಗಲುವ ಖರ್ಚನ್ನು ಮಾತ್ರ ಕಳೆಯಿರಿ. ಮೂರು ವಾರ ಎಳೆದಾಡಿ 17,000ಕ್ಕೆ ಒಪ್ಪಂದವಾಯಿತು. 74,000ದಲ್ಲಿ ಕಾರ್ಪೊರೇಷನ್ ಟ್ಯಾಕ್ಸ್, ವ್ಯಾಟ್, ಈ 17,000 ಕಳೆದು ಸುಮಾರು 37,500. ಒಟ್ಟು ಬೆಲೆ 1,19,500 ಪೌಂಡ್.

ಬೀರುವಿನಿಂದ ಹೊರಬಿದ್ದವು

ಡ್ಯೂ ಡಿಲಿಜೆನ್ಸ್ ಅಂದರೆ ಕೊಳ್ಳುವವರ ವಕೀಲರು ನಿಮ್ಮ ಬೀರುವನ್ನೆಲ್ಲ ತೆರೆಸಿ ನೋಡುವುದು. 140 ಪ್ರಶ್ನೆಗಳ ಪಟ್ಟಿ ಬಂತು. ಹೆಚ್ಚಿನವು ಸಲೀಸು. ಮೂರು ಮಾತ್ರ ನಿದ್ದೆ ಕೆಡಿಸಿದವು.

ಮೊದಲನೆಯದು ಕೋಡ್ ಯಾರದು ಅನ್ನೋದು. ಬಿಲ್ಲಿಂಗ್ ಭಾಗವನ್ನು 2011ರಲ್ಲಿ ಒಬ್ಬ ಸ್ನೇಹಿತರು ಫ್ರೀಲಾನ್ಸ್ ಆಗಿ ಬರೆದುಕೊಟ್ಟಿದ್ದರು. ಹಣ ಪೂರ್ತಿ ಕೊಟ್ಟಾಗಿತ್ತು. ಹಾಗಾಗಿ ಕೋಡ್ ಕಂಪನಿಯದೇ ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ಇಲ್ಲಿನ 1988ರ ಕಾಪಿರೈಟ್ ಕಾನೂನಿನಲ್ಲಿ ನೌಕರ ಕೆಲಸದ ಭಾಗವಾಗಿ ಬರೆದದ್ದು ಮಾತ್ರ ಮಾಲೀಕರಿಗೆ ತಾನಾಗಿ ಸೇರುತ್ತದೆ. ಹೊರಗಿನವರು ಬರೆದದ್ದು, ಸಹಿ ಹಾಕಿದ ಬರಹದಲ್ಲಿ ವರ್ಗಾಯಿಸದಿದ್ದರೆ, ಬರೆದವರದೇ. ಹದಿಮೂರು ವರ್ಷದ ನಂತರ ಆ ಸ್ನೇಹಿತರನ್ನು ಹುಡುಕಿ ಸಹಿ ಕೇಳಬೇಕಾಯಿತು. ದೇವರು ದೊಡ್ಡವನು, ಸಂಬಂಧ ಚೆನ್ನಾಗಿತ್ತು, ಅವರು ಮರುದಿನವೇ ಹಾಕಿಕೊಟ್ಟರು. ಮನಸ್ತಾಪ ಇದ್ದಿದ್ದರೆ ಇಡೀ ವ್ಯವಹಾರ ಅಲ್ಲೇ ನಿಲ್ಲುತ್ತಿತ್ತು. ನಿಮ್ಮ ಕಂಪನಿಗೆ ಯಾರಾದರೂ ಹೊರಗಿನವರು ಲೋಗೋ, ಕೋಡ್, ಚಿತ್ರ ಮಾಡಿಕೊಟ್ಟಿದ್ದರೆ, ಮಾರುವ ಯೋಚನೆ ಇಲ್ಲದಿದ್ದರೂ ಈ ವಾರವೇ ಒಂದು ಕಾಗದ ಮಾಡಿಸಿಕೊಳ್ಳಿ.

ಎರಡನೆಯದು, ನಾಲ್ಕು ಕ್ಲಿನಿಕ್‌ಗಳು ಒಬ್ಬರದೇ. ಅವರ ಒಪ್ಪಂದದಲ್ಲಿ ಕಂಪನಿಯ ಒಡೆತನ ಬದಲಾದರೆ ಒಪ್ಪಂದ ಮುರಿಯಬಹುದು ಅನ್ನುವ ಒಂದು ಸಾಲು ಇತ್ತು. ಯಜಮಾನರು ಖುದ್ದಾಗಿ ಹೋಗಿ ಮಾತಾಡಿ ಒಪ್ಪಿಗೆ ಪತ್ರ ತಂದರು.

ಮೂರನೆಯದು ಆಫೀಸಿನ ಬಾಡಿಗೆ ಕರಾರು. ಯಜಮಾನರು ಅದಕ್ಕೆ ಸ್ವಂತ ಜಾಮೀನು ಹಾಕಿದ್ದರು. ಷೇರು ಮಾರಿದರೂ ಜಾಮೀನು ಅವರ ತಲೆ ಮೇಲೇ ಇರುತ್ತದೆ. ಅದನ್ನು ಬಿಡಿಸಿಕೊಳ್ಳದೆ ಸಹಿ ಹಾಕಬೇಡಿ ಅಂದೆ. ಕಟ್ಟಡದವರು ಒಪ್ಪಲು ಐದು ವಾರ ಹಿಡಿಯಿತು. ಡೈರೆಕ್ಟರ್ ಲೋನ್ ಅಂತ ಯಜಮಾನರು ಕಂಪನಿಗೆ ಕೊಡಬೇಕಿದ್ದ ಸ್ವಲ್ಪ ಹಣವನ್ನೂ ಮೊದಲೇ ತೀರಿಸಿದರು.

ತೆರಿಗೆಯ ಗಡುವು

ಈ ನಡುವೆ 2024ರ ಅಕ್ಟೋಬರ್ 30ರ ಬಜೆಟ್ ಬಂತು. ಸ್ವಂತ ಕಂಪನಿ ಮಾರುವವರಿಗೆ ಬಿಸಿನೆಸ್ ಅಸೆಟ್ ಡಿಸ್ಪೋಸಲ್ ರಿಲೀಫ್ ಅಂತ ಒಂದು ರಿಯಾಯಿತಿ ಇದೆ. ಜೀವಮಾನದಲ್ಲಿ ಹತ್ತು ಲಕ್ಷ ಪೌಂಡ್ ಲಾಭದವರೆಗೆ ತೆರಿಗೆ 10 ಪರ್ಸೆಂಟ್ ಮಾತ್ರ ಇತ್ತು. ಆ ಬಜೆಟ್‌ನಲ್ಲಿ 2025ರ ಏಪ್ರಿಲ್ 6ರಿಂದ 14, 2026ರ ಏಪ್ರಿಲ್ 6ರಿಂದ 18 ಪರ್ಸೆಂಟ್ ಅಂತ ಮಾಡಿದರು. ಹಾಗಾಗಿ ಮಾರ್ಚ್ ಒಳಗೆ ಮುಗಿಸಬೇಕು ಅಂತಾಯಿತು.

ಆ ರಿಯಾಯಿತಿ ಸಿಗಲು ಎರಡು ವರ್ಷ ಕನಿಷ್ಠ 5 ಪರ್ಸೆಂಟ್ ಷೇರು ಇರಬೇಕು. ಜೊತೆಗೆ ಕಂಪನಿಯ ಅಧಿಕಾರಿಯೋ ನೌಕರರೋ ಆಗಿರಬೇಕು. ಪತ್ನಿಗೆ ಸಂಬಳ ಇರಲಿಲ್ಲ, ಡೈರೆಕ್ಟರೂ ಅಲ್ಲ. ಆದರೆ ಹದಿನೇಳು ವರ್ಷದ ಹಿಂದೆ ಯಾರೋ ಅವರನ್ನು ಕಂಪನಿ ಸೆಕ್ರೆಟರಿ ಅಂತ ದಾಖಲು ಮಾಡಿದ್ದರು. ಸೆಕ್ರೆಟರಿಯೂ ಅಧಿಕಾರಿಯೇ. ಅವರ 40 ಭಾಗಕ್ಕೂ ರಿಯಾಯಿತಿ ಸಿಕ್ಕಿತು. ಬರೀ ಷೇರು ಕೊಟ್ಟು ಸುಮ್ಮನಿದ್ದ ದಂಪತಿಗಳನ್ನು ನಾನು ನೋಡಿದ್ದೇನೆ. ಅವರಿಗೆ ಇದು ಸಿಗಲಿಲ್ಲ.

ಇನ್ನೊಂದು ಸೂಕ್ಷ್ಮ. 82,000ದಲ್ಲಿ 30,000 ಆಮೇಲೆ ಕೊಡುತ್ತೇವೆ, ಎಷ್ಟು ಕ್ಲಿನಿಕ್ ಉಳಿಯುತ್ತವೋ ಅದರ ಲೆಕ್ಕದಲ್ಲಿ ಕೊಡುತ್ತೇವೆ ಅಂತ ಕೊಳ್ಳುವವರು ಕೇಳಿದರು. ಮುಂದೆ ಬರುವ ಮೊತ್ತ ಎಷ್ಟು ಅಂತಲೇ ಗೊತ್ತಿಲ್ಲದ ಹಾಗೆ ಸೂತ್ರ ಇಟ್ಟರೆ, ಆಮೇಲೆ ಬಂದ ಹಣಕ್ಕೆ ಸಾಮಾನ್ಯವಾಗಿ ಈ ರಿಯಾಯಿತಿ ಸಿಗುವುದಿಲ್ಲ. ಮೊತ್ತ ನಿಗದಿಯಾಗಿದ್ದು, ಕೊಡುವುದಕ್ಕೆ ಷರತ್ತು ಮಾತ್ರ ಇದ್ದರೆ, ಅದನ್ನು ಮಾರಾಟದ ವರ್ಷದ ಲೆಕ್ಕಕ್ಕೇ ಸೇರಿಸಬಹುದು. ಬಾರದೆ ಹೋದರೆ ಆ ಭಾಗದ ತೆರಿಗೆಯನ್ನು ಸರಿಪಡಿಸಿಕೊಳ್ಳಬಹುದು. ಹಾಗಾಗಿ ಎರಡು ಕಂತು ಮಾಡಿದೆವು. 2025ರ ಡಿಸೆಂಬರ್ 31ಕ್ಕೆ 18 ಕ್ಲಿನಿಕ್ ಉಳಿದಿದ್ದರೆ 15,000. 21 ಉಳಿದಿದ್ದರೆ ಇನ್ನೊಂದು 15,000. ಆಗಸ್ಟ್‌ನ ನವೀಕರಣ ಅಷ್ಟರಲ್ಲಿ ಮುಗಿದಿರುತ್ತದೆ.

2025ರ ಮಾರ್ಚ್ 28, ಶುಕ್ರವಾರ ಸಹಿಗಳಾದವು. ಷೇರು ವರ್ಗಾವಣೆಯ ಫಾರಂ ಒಂದೇ ಹಾಳೆಯದು. ಅದರ ಮೇಲಿನ ಸ್ಟ್ಯಾಂಪ್ ಡ್ಯೂಟಿ ಅರ್ಧ ಪರ್ಸೆಂಟ್, ಅಂದರೆ 600 ಪೌಂಡ್, ಕೊಂಡವರು ಕಟ್ಟಿದರು. ಡೈರೆಕ್ಟರ್, ಸೆಕ್ರೆಟರಿ, ಕಂಪನಿಯ ಮೇಲೆ ಹತೋಟಿ ಇರುವವರು, ಮೂರೂ ಬದಲಾವಣೆಗಳನ್ನು ಕಂಪನೀಸ್ ಹೌಸ್‌ಗೆ (ಕಂಪನಿಗಳ ನೋಂದಣಿ ಕಚೇರಿಗೆ) ತಿಳಿಸಿಯಾಯಿತು. ಈಗ ಮಾರುವವರಿಗೆ ಒಂದು ಮಾತು: 2025ರ ನವೆಂಬರ್ 18ರಿಂದ ಹೊಸ ಡೈರೆಕ್ಟರುಗಳು ಮೊದಲೇ ಗುರುತು ದೃಢೀಕರಿಸಿಕೊಂಡಿರಬೇಕು. ಕೊಳ್ಳುವವರಿಗೆ ಇದನ್ನು ಮುಂಚೆ ನೆನಪಿಸಿ.

ಕೈಗೆ ಬಂದದ್ದು

ಆಗಸ್ಟ್‌ನಲ್ಲಿ ಮೂರು ಕ್ಲಿನಿಕ್‌ಗಳು ನವೀಕರಿಸಲಿಲ್ಲ. ಒಂದು ಮುಚ್ಚಿತ್ತು, ಎರಡು ದೊಡ್ಡ ಸರಪಳಿಯೊಂದಕ್ಕೆ ಸೇರಿದ್ದವು. ಹತ್ತೊಂಬತ್ತು ಉಳಿದವು. ಮೊದಲ 15,000 ಬಂತು, ಎರಡನೆಯದು ಬರಲಿಲ್ಲ. ಯಜಮಾನರಿಗೆ ಬೇಜಾರಾಯಿತು, ಯಾಕೆಂದರೆ ಅದರಲ್ಲಿ ಯಾರ ತಪ್ಪೂ ಇರಲಿಲ್ಲ. 2024-25ರ ತೆರಿಗೆ ರಿಟರ್ನ್ ಕೊಡಲು 2026ರ ಜನವರಿ 31 ಕೊನೆಯ ದಿನ. ಅಷ್ಟರಲ್ಲಿ ಇದು ಗೊತ್ತಾಗಿದ್ದರಿಂದ ಬಾರದ ಹಣಕ್ಕೆ ತೆರಿಗೆ ಕಟ್ಟುವುದು ತಪ್ಪಿತು.

ಒಟ್ಟು ಬಂದದ್ದು 1,04,500. ವಕೀಲರಿಗೆ 7,000. ಷೇರಿನ ಮೂಲ ಬೆಲೆ 100 ಪೌಂಡ್, ಇಬ್ಬರಿಗೂ ತಲಾ 3,000ದ ವಾರ್ಷಿಕ ವಿನಾಯಿತಿ ಕಳೆದು 10 ಪರ್ಸೆಂಟ್ ತೆರಿಗೆ 9,140. ಕೈಯಲ್ಲಿ ಉಳಿದದ್ದು 88,360 ಪೌಂಡ್. ಮಾರ್ಚ್‌ನಲ್ಲೇ ಮುಚ್ಚಿದ್ದರೆ ತೆರಿಗೆ ಕಳೆದು ಸುಮಾರು 13,000 ಸಿಗುತ್ತಿತ್ತು.

ಎಲ್ಲರಿಗೂ ಹೀಗಾಗುತ್ತದೆ ಅಂತ ನಾನು ಹೇಳುವುದಿಲ್ಲ. ಒಬ್ಬನೇ ಕಂಟ್ರಾಕ್ಟರ್, ಒಂದೇ ಗ್ರಾಹಕ, ಕೆಲಸ ಮುಗಿದರೆ ಏನೂ ಉಳಿಯದ ಕಂಪನಿಯಾಗಿದ್ದರೆ ಮುಚ್ಚುವುದೇ ಸರಿ, ಖಂಡಿತ. ಅಂಥವರಿಗೆ ನಾನೇ ಡಿಎಸ್01 ತುಂಬಿಕೊಡುತ್ತೇನೆ. ಆದರೆ ವರ್ಷ ವರ್ಷ ತಾವಾಗಿ ನವೀಕರಿಸುವ ಗ್ರಾಹಕರು ಇದ್ದು, ಕೆಲಸ ಗೊತ್ತಿರುವ ಒಬ್ಬ ನೌಕರರಾದರೂ ಇದ್ದರೆ, ಮುಚ್ಚುವ ಅರ್ಜಿಗೆ ಮುಂಚೆ ಒಂದು ವರ್ಷ ಕೊಡಿ. ಕಡೇಪಕ್ಷ ಎರಡು ವಾರದ ಫೋನ್ ಕರೆಗಳನ್ನಾದರೂ ಬರೆದು ನೋಡಿ.

ಆ ಮಹಿಳೆ ಈಗ ಅಲ್ಲಿ ಪೂರ್ತಿ ದಿನದ ಕೆಲಸದಲ್ಲಿದ್ದಾರೆ, ಗ್ರಾಹಕರ ವಿಭಾಗ ಅವರದೇ. ಯಜಮಾನರ ಕೆಲಸ ಮಾತ್ರ ಪೂರ್ತಿ ಮುಗಿದಿಲ್ಲ. ಸಾಮಾನ್ಯ ವಾರಂಟಿಗಳ ಅವಧಿ 18 ತಿಂಗಳು, 2026ರ ಸೆಪ್ಟೆಂಬರ್ 28ರವರೆಗೆ. ತೆರಿಗೆಗೆ ಸಂಬಂಧಿಸಿದವು ಏಳು ವರ್ಷ. ಕೊಡಬೇಕಾಗಿ ಬಂದರೂ ಪಡೆದ ಬೆಲೆಯನ್ನು ಮೀರದ ಹಾಗೆ ಮಿತಿ ಇದೆ. ಮೊದಲೇ ಗೊತ್ತಿದ್ದ ಕುಂದುಗಳನ್ನೆಲ್ಲ ಡಿಸ್‌ಕ್ಲೋಷರ್ ಲೆಟರ್‌ನಲ್ಲಿ ಬರೆದು ಕೊಟ್ಟಿದ್ದಾರೆ, ಕೆಟ್ಟ ಪ್ರಿಂಟರ್‌ವರೆಗೂ. ಆ ಪತ್ರದ ಪ್ರತಿ, ಸ್ನೇಹಿತರು ಸಹಿ ಹಾಕಿದ ಕಾಗದ, ಜಾಮೀನು ಬಿಡಿಸಿದ ಪತ್ರ, ಮೂರನ್ನೂ ಪತ್ನಿ ಒಂದು ಫೈಲಿಗೆ ಹಾಕಿ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಿದ್ದಾರೆ. ಅದರ ಮೇಲೆ 2032ರ ಮಾರ್ಚ್ 28 ಅಂತ ದೊಡ್ಡದಾಗಿ ಬರೆದಿದ್ದಾರೆ.